ಮಧ್ಯಂತರ ಆಜ್ಞೆಗಳೂ ಅಪೀಲಿನ ಹಕ್ಕೂ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳದ ಹಳ್ಳಿ ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ಆದರೆ ಅದು ಖಟ್ಲೆ ಮುಗಿದ ಮೇಲಿನ ಮಾತು. ಖಟ್ಲೆ ನಡೆದಿರುವಾಗಲೇ, ಕೊನೆಯ ತೀರ್ಪು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ನ್ಯಾಯಾಲಯವು ಅನೇಕ ಆಜ್ಞೆಗಳನ್ನು ಮಾಡುತ್ತಿರುತ್ತದೆ. ಒಂದೊಂದು ಆಜ್ಞೆಯೂ ಒಬ್ಬನಿಗೆ ಹರ್ಷವನ್ನೂ ಇನ್ನೊಬ್ಬನಿಗೆ ದುಃಖವನ್ನೂ ತರುತ್ತದೆ. ಇಂಥ ನಡುವಣ ಆಜ್ಞೆ ತಪ್ಪಾಗಿದೆಯೆಂದು ತೋರಿದಾಗ ಮೇಲಿನ ಕೋರ್ಟಿಗೆ ಹೋಗಬಹುದೆ? ಹೋಗಬಾರದೆಂದರೆ ಏಕೆ? ಈ ಪ್ರಶ್ನೆಯನ್ನು ಯಥಾಶಕ್ತಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ಕಾಯದೆಯ ವಿದ್ಯಾರ್ಥಿಯಲ್ಲ. ರಾಜ್ಯಶಾಸ್ತ್ರವನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನು. ಹೀಗಿರಲಾಗಿ ಈ ವಿಷಯಕ್ಕೆ ಕೈಹಾಕಿದ್ದು ಪಾಂಡಿತ್ಯದ ಬಲದಿಂದಲ್ಲ, ಮನೆಯ ಕಷ್ಟದಿಂದ. ನಮ್ಮ ಊರು ಘಟಪ್ರಭೆಯ ದಂಡೆಯ ಅನಗವಾಡಿ. ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವವರೆಲ್ಲರೂ ಅಲ್ಲಿಯ ಸೇತುವೆಯನ್ನು ದಾಟಿಯೇ ಹೋಗಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಈ ಸೀಮೆಯ ಎಷ್ಟೋ ಮನೆತನಗಳ ಹೊಳೆಸಾಲಿನ ಹೊಲಗಳು ಹೋದವು. ನಮ್ಮದೂ ಹೋಯಿತು. ಉಳಿದದ್ದು ಮೇಲಿನ ನಾಲ್ಕು ಎಕರೆ. ಆ ನಾಲ್ಕು ಎಕರೆಯ ವಾಟ್ನಿಗಾಗಿ ನಮ್ಮ ದಾಯಾದಿಗಳು ನಮ್ಮ ಮೇಲೆ ದಾವೆ ಹೂಡಿದಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ.

ಆ ದಾವೆಯಲ್ಲಿ ನಮಗೆ ವಿರುದ್ಧವಾಗಿ ಎರಡು ಆಜ್ಞೆಗಳಾದವು. ಮೊದಲನೆಯದು ತಾತ್ಕಾಲಿಕ ನಿಷೇಧಾಜ್ಞೆ: ದಾವೆ ಮುಗಿಯುವವರೆಗೆ ನಾವು ಹೊಲವನ್ನು ಮಾರಕೂಡದು, ಅದರ ಸ್ವರೂಪವನ್ನು ಬದಲಿಸಕೂಡದು. ಎರಡನೆಯದು ಕಾಗದದ ಮಾತು. ಮುತ್ಯಾನ ಕಾಲದಲ್ಲಿಯೇ ಅಣ್ಣತಮ್ಮಂದಿರು ಬೇರೆಯಾದಾಗ ಬರೆದಿಟ್ಟ ಒಂದು ಹಳೆಯ ಯಾದಿ ಮನೆಯ ಟ್ರಂಕಿನಲ್ಲಿ ತಡವಾಗಿ ಸಿಕ್ಕಿತು. ತಡವಾಗಿ ತಂದ ಕಾಗದವನ್ನು ತೆಗೆದುಕೊಳ್ಳಲು ಬರುವುದಿಲ್ಲವೆಂದು ಕೋರ್ಟು ನಮ್ಮ ಅರ್ಜಿಯನ್ನು ತಳ್ಳಿಹಾಕಿತು. ಮೊದಲನೆಯ ಆಜ್ಞೆಯನ್ನು ಮುತ್ಯಾ ಸುಮ್ಮನೆ ನುಂಗಿಕೊಂಡ. "ತಾತ್ಪೂರ್ತಿಕ ಅಂತ ಬರದಾರ, ನಾಲ್ಕು ದಿನದ ಮಾತು" ಎಂದ. ಎರಡನೆಯದಕ್ಕೆ ಮಾತ್ರ ಕೆರಳಿದ. "ತಮ್ಮಾ, ತಪ್ಪು ಅಂತ ಗೊತ್ತಾದ ಮ್ಯಾಲೂ ದೊಡ್ಡ ಕೋರ್ಟಿಗೆ ಹೋಗಬಾರದಂದ್ರ, ದೊಡ್ಡ ಕೋರ್ಟು ಇರೂದರ ಯಾತಕ್ಕ?" ಎಂದು ಅಪ್ಪನನ್ನು ಕೇಳಿದ. ಅಪ್ಪನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರವು ನನಗೆ ದೊರೆತದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ.

ನಮ್ಮ ದೇಶದ ಸಿವಿಲ್ ನ್ಯಾಯಾಲಯಗಳೆಲ್ಲ ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಅದು 1909ರ ಜನವರಿ 1ರಿಂದ ಜಾರಿಗೆ ಬಂದಿತು. ಈ ಸಂಹಿತೆಯು ನ್ಯಾಯಾಲಯದ ನಿರ್ಣಯಗಳನ್ನು ಮುಖ್ಯವಾಗಿ ಎರಡಾಗಿ ವಿಭಾಗಿಸುತ್ತದೆ. ದಾವೆಯಲ್ಲಿ ವಿವಾದಕ್ಕೆ ಬಂದ ಹಕ್ಕುಗಳನ್ನು ಖಚಿತವಾಗಿ ತೀರ್ಮಾನಿಸುವುದು ಡಿಕ್ರಿ. ಡಿಕ್ರಿಯಲ್ಲದ ಉಳಿದ ವಿಧ್ಯುಕ್ತ ನಿರ್ಣಯವೆಲ್ಲ ಆಜ್ಞೆ. ಡಿಕ್ರಿಯ ಮೇಲೆ ಅಪೀಲು ಸಾಮಾನ್ಯ ನಿಯಮ; 96ನೆಯ ಕಲಮು ಅದನ್ನು ಕೊಡುತ್ತದೆ. ಆಜ್ಞೆಯ ಮೇಲೆ ಅಪೀಲು ಇಲ್ಲದಿರುವುದೇ ಸಾಮಾನ್ಯ ನಿಯಮ, ಉಂಟೆಂಬುದು ಅಪವಾದ. ಅಪೀಲಿನ ಹಕ್ಕು ತಾನಾಗಿ ಹುಟ್ಟುವುದಿಲ್ಲ, ಕಾಯದೆಯು ಕೊಟ್ಟಷ್ಟೇ ದೊರೆಯುತ್ತದೆ ಎಂಬ ತತ್ತ್ವವನ್ನು ಇಲ್ಲಿ ನೆನಪಿನಲ್ಲಿಡಬೇಕು.

ಅಪವಾದಗಳಾವುವು? 104ನೆಯ ಕಲಮಿನಲ್ಲಿಯೂ 43ನೆಯ ಆದೇಶದ 1ನೆಯ ನಿಯಮದಲ್ಲಿಯೂ ಅವುಗಳ ಯಾದಿಯಿದೆ. ದಾವಾ ಅರ್ಜಿಯನ್ನು ಬೇರೆ ಕೋರ್ಟಿಗೆ ಒಯ್ಯಿರೆಂದು ಮರಳಿ ಕೊಡುವ ಆಜ್ಞೆ, ಏಕಪಕ್ಷೀಯ ಡಿಕ್ರಿಯನ್ನು ರದ್ದುಮಾಡಲು ನಿರಾಕರಿಸುವ ಆಜ್ಞೆ, ತೀರ್ಪಿಗೆ ಮೊದಲೇ ಆಸ್ತಿಯನ್ನು ಜಪ್ತು ಮಾಡುವ ಆಜ್ಞೆ, ತಾತ್ಕಾಲಿಕ ನಿಷೇಧಾಜ್ಞೆಯನ್ನು ಕೊಡುವ ಅಥವಾ ನಿರಾಕರಿಸುವ ಆಜ್ಞೆ, ಆಸ್ತಿಗೆ ರಿಸೀವರನನ್ನು ನೇಮಿಸುವ ಆಜ್ಞೆ, ಇವು ಆ ಯಾದಿಯಲ್ಲಿ ಮುಖ್ಯವಾದವು. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾದಿಯ ಹಿಂದಿನ ವಿಚಾರವು ತಿಳಿಯುತ್ತದೆ. ಮನುಷ್ಯನ ಕೈಯಲ್ಲಿರುವ ಆಸ್ತಿಯನ್ನೋ, ಕೋರ್ಟಿನ ಬಾಗಿಲಿಗೆ ಬರುವ ಅವಕಾಶವನ್ನೋ ಈ ಆಜ್ಞೆಗಳು ಒಡನೆಯೇ ಮುಟ್ಟುತ್ತವೆ. ಇಲ್ಲಿ ಆದ ಹಾನಿಯನ್ನು ಕೊನೆಯ ತೀರ್ಪು ಬಂದ ಮೇಲೆ ತುಂಬಿಕೊಡುವುದು ಕಠಿಣ. ಆದುದರಿಂದಲೇ ತಕ್ಷಣದ ಅಪೀಲಿಗೆ ಅವಕಾಶವಿದೆ.

ಯಾದಿಯಲ್ಲಿ ಇಲ್ಲದ ಆಜ್ಞೆಗಳ ಗತಿಯೇನು? ಸಾಕ್ಷಿದಾರನನ್ನು ಮತ್ತೆ ಕರೆಯಲು ನಿರಾಕರಿಸಿದ್ದು, ಕೈಫಿಯತ್ತಿನ ತಿದ್ದುಪಡಿಗೆ ಒಪ್ಪದಿದ್ದದ್ದು, ತಡವಾದ ಕಾಗದವನ್ನು ತೆಗೆದುಕೊಳ್ಳದಿದ್ದದ್ದು, ಇವು ಯಾದಿಯಲ್ಲಿಲ್ಲ. ಇವುಗಳ ಮೇಲೆ ಆಗಲೇ ಅಪೀಲು ಮಾಡಲು ಬರುವುದಿಲ್ಲ. ಇಷ್ಟನ್ನೇ ಓದಿದವನಿಗೆ ಮುತ್ಯಾನ ಸಿಟ್ಟು ನ್ಯಾಯವೆನಿಸುತ್ತದೆ. ಆದರೆ ಮುಂದಿನ ಕಲಮನ್ನು ಓದಬೇಕು. 105ನೆಯ ಕಲಮು ಹೇಳುವುದೇನೆಂದರೆ, ಇಂಥ ಆಜ್ಞೆಯಲ್ಲಿರುವ ತಪ್ಪು ದಾವೆಯ ನಿರ್ಣಯದ ಮೇಲೆ ಪರಿಣಾಮ ಮಾಡಿದ್ದರೆ, ಕೊನೆಗೆ ಡಿಕ್ರಿಯ ಮೇಲೆ ಅಪೀಲು ಮಾಡುವಾಗ ಅದನ್ನೂ ಒಂದು ಆಕ್ಷೇಪಣೆಯಾಗಿ ಬರೆಯಬಹುದು. ಅಂದರೆ ಬಾಗಿಲು ಮುಚ್ಚಿಲ್ಲ. ತೆರೆಯುವ ಹೊತ್ತು ಮಾತ್ರ ಬೇರೆ. ಇಂದು ಸುಮ್ಮನಿದ್ದವನು ಒಪ್ಪಿಕೊಂಡನೆಂದು ಅರ್ಥವಲ್ಲ.

ಈ ತತ್ತ್ವವು ಹೊಸದೂ ಅಲ್ಲ. 1859ರಲ್ಲಿ ಮೊಹೇಶುರ ಸಿಂಗ್ ಎಂಬವರ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲು, ಕಕ್ಷಿದಾರನು ಪ್ರತಿಯೊಂದು ಮಧ್ಯಂತರ ಆಜ್ಞೆಯ ಮೇಲೆಯೂ ಆಗಿಂದಾಗ ಅಪೀಲು ಮಾಡಲೇಬೇಕೆಂದೂ, ಮಾಡದಿದ್ದರೆ ಮುಂದೆ ಆ ಮಾತನ್ನು ಎತ್ತುವ ಹಕ್ಕನ್ನೇ ಕಳೆದುಕೊಳ್ಳುವನೆಂದೂ ಹೇಳುವ ಕಾನೂನು ಹಿಂದುಸ್ತಾನದಲ್ಲಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿತು. ಹಾಗೆ ಕಡ್ಡಾಯ ಮಾಡಿದರೆ ಖರ್ಚೂ ವಿಳಂಬವೂ ಎಷ್ಟು ಹೆಚ್ಚುವವೆಂಬುದನ್ನು ಊಹಿಸುವುದು ಕಷ್ಟವಲ್ಲ. ಸ್ವಾತಂತ್ರ್ಯಾನಂತರ 1960ರಲ್ಲಿ ಸತ್ಯಧ್ಯಾನ ಘೋಷಾಲರ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇದೇ ಮಾತನ್ನು ಎತ್ತಿಹಿಡಿದು, ದಾವೆಯನ್ನು ಕೊನೆಗೊಳಿಸದ ಮಧ್ಯಂತರ ಆಜ್ಞೆಯ ಯುಕ್ತಾಯುಕ್ತತೆಯನ್ನು ಕೊನೆಯ ಅಪೀಲಿನಲ್ಲಿ ಪ್ರಶ್ನಿಸಬಹುದೆಂದು ತೀರ್ಮಾನಿಸಿತು.

ನಮ್ಮ ಒಕ್ಕಲುತನದ ಮಾತಿನಲ್ಲಿ ಇದನ್ನು ಹೇಳುವುದಾದರೆ ಹೀಗೆ ಹೇಳಬಹುದು. ಹದ ಬಂದ ಹೊಲದಲ್ಲಿ ಕೂರಿಗೆ ಹೂಡಿದವನು, ಸಾಲು ತುಸು ಡೊಂಕಾಯಿತೆಂದು ಪ್ರತಿ ಸಲ ಎತ್ತು ಬಿಚ್ಚಿ ಊರ ಹಿರಿಯರನ್ನು ಕರೆತಂದು ತೋರಿಸುತ್ತ ನಿಂತರೆ, ಸಾಲು ನೆಟ್ಟಗಾಗಬಹುದು. ಆದರೆ ಅಷ್ಟರಲ್ಲಿ ಹದ ಹಾರಿಹೋಗಿ ಬಿತ್ತಿಗೆಯೇ ಕೆಡುತ್ತದೆ. ಹಾಗೆಂದು ಕೂರಿಗೆಯು ಪಕ್ಕದವನ ಹೊಲಕ್ಕೇ ನುಗ್ಗಿದರೆ ನಿಲ್ಲಿಸಲೇಬೇಕು. ಯಾವುದಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ನಿಲ್ಲಿಸಬಾರದು ಎಂಬ ವಿವೇಕವೇ 43ನೆಯ ಆದೇಶದ ಯಾದಿ.

ಅಪೀಲು ಇಲ್ಲದಿದ್ದರೂ ರಿವಿಜನ್ ಇದೆಯಲ್ಲ ಎಂದು ಕೆಲವರು ಹೇಳಬಹುದು. ಸಂಹಿತೆಯ 115ನೆಯ ಕಲಮಿನ ಪ್ರಕಾರ ಅಪೀಲಿಲ್ಲದ ನಿರ್ಣಯವನ್ನು ಉಚ್ಚ ನ್ಯಾಯಾಲಯವು ಪರಿಶೀಲಿಸಬಹುದು. ಮೊದಲು ಈ ದಾರಿ ಅಗಲವಾಗಿತ್ತು. ಆಜ್ಞೆಯು ಹಾಗೇ ಉಳಿದರೆ ತುಂಬಿಬಾರದ ಹಾನಿಯಾಗುವುದೆಂದು ತೋರಿಸಿದರೂ ಸಾಕಾಗುತ್ತಿತ್ತು. ಪರಿಣಾಮವೇನೆಂದರೆ ಸಣ್ಣ ಸಣ್ಣ ಆಜ್ಞೆಗಳಿಗೂ ರಿವಿಜನ್ ಅರ್ಜಿಗಳು ಬಂದು ಮೂಲ ದಾವೆಗಳು ನಿಂತಲ್ಲಿಯೇ ನಿಲ್ಲತೊಡಗಿದವು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು ನ್ಯಾಯಾಲಯಗಳಲ್ಲಿ ಬಾಕಿ ಬಿದ್ದ ಪ್ರಕರಣಗಳನ್ನು ಕುರಿತು ವರದಿ ಕೊಟ್ಟಿತ್ತು. ಆ ವರದಿಯನ್ನೂ ಕಾನೂನು ಆಯೋಗದ 129ನೆಯ ವರದಿಯನ್ನೂ ಆಧರಿಸಿ 1999ರಲ್ಲಿ ಸಂಸತ್ತು ಸಂಹಿತೆಯನ್ನು ತಿದ್ದಿತು. ತಿದ್ದುಪಡಿಯು 2002ರ ಜುಲೈ 1ರಿಂದ ಜಾರಿಗೆ ಬಂದಿತು. ಈಗ ರಿವಿಜನ್ನಿಗೆ ಒಂದೇ ಒರೆಗಲ್ಲು: ಆ ಆಜ್ಞೆಯು ಅರ್ಜಿದಾರನ ಪರವಾಗಿ ಆಗಿದ್ದರೆ ದಾವೆಯೇ ಮುಗಿದುಹೋಗುತ್ತಿತ್ತೆ? ಹೌದಾದರೆ ರಿವಿಜನ್ ಉಂಟು; ಇಲ್ಲವಾದರೆ ಇಲ್ಲ. 2003ರಲ್ಲಿ ಶಿವಶಕ್ತಿ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ನಮ್ಮ ಕಾಗದವನ್ನು ಕೋರ್ಟು ತೆಗೆದುಕೊಂಡಿದ್ದರೂ ದಾವೆ ಮುಗಿಯುತ್ತಿರಲಿಲ್ಲ, ಮುಂದೆ ನಡೆಯುತ್ತಿತ್ತು. ಆದುದರಿಂದ ನಮಗೆ ರಿವಿಜನ್ನೂ ಇರಲಿಲ್ಲ.

ಇನ್ನುಳಿದದ್ದು ಸಂವಿಧಾನದ 227ನೆಯ ಅನುಚ್ಛೇದ. ಕೆಳಗಿನ ನ್ಯಾಯಾಲಯಗಳ ಮೇಲೆ ಉಚ್ಚ ನ್ಯಾಯಾಲಯಕ್ಕಿರುವ ಮೇಲ್ವಿಚಾರಣೆಯ ಅಧಿಕಾರ ಅದು. ಸಂಹಿತೆಯ ತಿದ್ದುಪಡಿಯು ಈ ಅಧಿಕಾರವನ್ನು ಕಿತ್ತುಕೊಳ್ಳಲಾರದೆಂದು 2003ರಲ್ಲಿ ಸೂರ್ಯದೇವ ರಾಯರ ಪ್ರಕರಣದಲ್ಲಿ ನಿರ್ಣಯವಾಯಿತು. ಸಿವಿಲ್ ನ್ಯಾಯಾಲಯದ ನ್ಯಾಯಿಕ ಆಜ್ಞೆಗೆ ವಿರುದ್ಧವಾಗಿ 226ನೆಯ ಅನುಚ್ಛೇದದ ರಿಟ್ಟು ನಡೆಯದು, 227 ಮಾತ್ರ ನಡೆಯುವುದೆಂದು 2015ರಲ್ಲಿ ರಾಧೇಶ್ಯಾಮರ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಹೇಳಿತು. ಆದರೆ ಇದು ಅಪೀಲಿಗೆ ಬದಲಿಯಲ್ಲ. ಕೆಳಗಿನ ಕೋರ್ಟು ತನ್ನ ಅಧಿಕಾರದ ಗೆರೆಯನ್ನು ಮೀರಿದಾಗ, ಎದ್ದುಕಾಣುವ ಅನ್ಯಾಯವಾದಾಗ ಮಾತ್ರ ಉಪಯೋಗಿಸತಕ್ಕದ್ದು. ಬರಿಯ ತಪ್ಪನ್ನು ತಿದ್ದುವುದಕ್ಕೆ ಅಲ್ಲ.

ನಾವು ಹತ್ತಿದ್ದು ಇದೇ ಮೆಟ್ಟಿಲನ್ನು. 1956ರ ಏಕೀಕರಣಕ್ಕಿಂತ ಮೊದಲು ಬಿಜಾಪುರ ಜಿಲ್ಲೆಯವರು ಉಚ್ಚ ನ್ಯಾಯಾಲಯಕ್ಕಾಗಿ ಮುಂಬಯಿಗೆ ಹೋಗಬೇಕಾಗುತ್ತಿತ್ತು, ಆಮೇಲೆ ಬೆಂಗಳೂರಿಗೆ. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವು ಆರಂಭವಾಗಿ 2013ರಲ್ಲಿ ಶಾಶ್ವತವಾದುದರಿಂದ ನಮಗೆ ದೂರವು ಬಹಳಷ್ಟು ಕಡಿಮೆಯಾಯಿತು. ಆದರೂ ಮೂರು ವರ್ಷ ಅಪ್ಪ ಕೆಲಸ ಬಿಟ್ಟು ಧಾರವಾಡಕ್ಕೆ ತಿರುಗಾಡಿದ. ಒಂದು ಜೋಡಿ ಎತ್ತು ಮಾರಿದೆವು. ಅತ್ತ ಅರ್ಜಿ ಇದೆಯೆಂದು ಇತ್ತ ದಾವೆಯೂ ತಾರೀಖಿನಿಂದ ತಾರೀಖಿಗೆ ಸರಿಯುತ್ತಿತ್ತು. ಅರ್ಜಿ ವಜಾ ಆಯಿತು. ಅವಶ್ಯವಿದ್ದರೆ ಕೊನೆಯ ಅಪೀಲಿನಲ್ಲಿ ಈ ಆಕ್ಷೇಪಣೆಯನ್ನು ಎತ್ತಬಹುದೆಂದು ಆಜ್ಞೆಯಲ್ಲಿ ಬರೆದಿತ್ತು. ಆ ಮಾತು ಮೊದಲ ದಿನವೇ ಸಂಹಿತೆಯಲ್ಲಿತ್ತು. ಈ ಮೂರು ವರ್ಷಗಳ ನಡುವೆ, ಅಣ್ಣತಮ್ಮಂದಿರು ಬೇರೆಯಾದದ್ದನ್ನು ಕಣ್ಣಾರೆ ಕಂಡಿದ್ದ ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಕಾಗದ ಹೋದರೂ ಅವರ ಬಾಯಿಮಾತಿನ ಸಾಕ್ಷಿ ಉಳಿದಿತ್ತು. ಕಾಗದಕ್ಕಾಗಿ ಹೋರಾಡುತ್ತ ಸಾಕ್ಷಿಯನ್ನು ಕಳೆದುಕೊಂಡೆವು.

ಇದಕ್ಕಿಂತಲೂ ದುಃಖದ ಸಂಗತಿ ಇನ್ನೊಂದು. ಮುತ್ಯಾ ಸುಮ್ಮನೆ ನುಂಗಿಕೊಂಡ ಮೊದಲನೆಯ ಆಜ್ಞೆ, ಅಂದರೆ ನಿಷೇಧಾಜ್ಞೆ, ಯಾದಿಯಲ್ಲಿತ್ತು! ಅದರ ಮೇಲೆ ಅಪೀಲು ಮಾಡಬಹುದಾಗಿತ್ತು. 1963ರ ಕಾಲಮಿತಿ ಕಾಯದೆಯ ಪ್ರಕಾರ ಅಪೀಲಿಗೆ ಉಚ್ಚ ನ್ಯಾಯಾಲಯವಾದರೆ 90 ದಿನ, ಅದಕ್ಕಿಂತ ಕೆಳಗಿನ ನ್ಯಾಯಾಲಯವಾದರೆ 30 ದಿನ. ಆ ದಿನಗಳನ್ನು ನಾವು ಎಣಿಸಲೇ ಇಲ್ಲ. ಹೊಲದ ಸ್ವರೂಪವನ್ನು ಬದಲಿಸಕೂಡದೆಂದುದರಿಂದ ಪೈಪು ಹೂಳಿ ನೀರು ತರುವ ಧೈರ್ಯವಾಗಲಿಲ್ಲ. ಹಿನ್ನೀರು ಕಣ್ಣೆದುರಿಗೆ ತುಂಬಿ ನಿಂತಿರುವಾಗ ಆ ನಾಲ್ಕು ಎಕರೆ ಮಳೆಯ ದಾರಿ ನೋಡುತ್ತ ಬಿದ್ದಿತ್ತು. ಸಂಕ್ಷೇಪವಾಗಿ ಹೇಳುವುದಾದರೆ, ತೆರೆದಿದ್ದ ಬಾಗಿಲನ್ನು ಬಿಟ್ಟು ಮುಚ್ಚಿದ್ದ ಬಾಗಿಲನ್ನು ಬಡಿಯುತ್ತ ನಿಂತೆವು. ಇದರಲ್ಲಿ ಯಾರನ್ನೂ ದೂರಲಾರೆ. ಆಜ್ಞೆಯ ನಕಲು ಮನೆಯಲ್ಲಿಯೇ ಇದ್ದಿತು; ಅದನ್ನು ಓದಬಲ್ಲವರು ಮನೆಯಲ್ಲಿರಲಿಲ್ಲ.

ಅಪೀಲು ಮಾಡಿದ್ದರೆ ಗೆಲ್ಲುತ್ತಿದ್ದೆವೆಂದು ನಾನು ಹೇಳುವುದಿಲ್ಲ. ಮೇಲ್ನೋಟಕ್ಕೆ ಹಕ್ಕಿದೆಯೆ, ಅನುಕೂಲ ಪ್ರತಿಕೂಲಗಳ ತೂಕ ಯಾರ ಕಡೆಗಿದೆ, ತುಂಬಿಬಾರದ ಹಾನಿ ಯಾರಿಗಾಗುತ್ತದೆ ಎಂಬ ಮೂರು ಮಾತುಗಳನ್ನು ನೋಡಿ ನಿಷೇಧಾಜ್ಞೆಯನ್ನು ಕೊಡುತ್ತಾರೆ. ಕೆಳಗಿನ ಕೋರ್ಟು ಇವುಗಳನ್ನು ವಿವೇಕದಿಂದ ತೂಗಿದ್ದರೆ, ತನಗೆ ಬೇರೆ ಅಭಿಪ್ರಾಯವಿದೆಯೆಂಬ ಮಾತ್ರಕ್ಕೆ ಮೇಲಿನ ಕೋರ್ಟು ಕೈಹಾಕಬಾರದೆಂದು 1990ರ ವಾಂಡರ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದೆ. ಅದೂ ಅಲ್ಲದೆ ಹೀಗೆ ಮಾಡಿದ ಅಪೀಲಿನಲ್ಲಿ ಆದ ಆಜ್ಞೆಯ ಮೇಲೆ ಎರಡನೆಯ ಅಪೀಲು ಇಲ್ಲ. ಅಪೀಲು ಇರುವಲ್ಲಿಯೂ ಮಿತಿಯಿದೆ ಎಂದಾಯಿತು. ಆದರೂ ಕಡೆಯ ಪಕ್ಷ ನೀರಾವರಿಗೆ ಅನುಮತಿ ಕೊಡಿರೆಂದು ಕೇಳಬಹುದಾಗಿತ್ತು. ಕೇಳಲಿಲ್ಲ.

ತಾತ್ಕಾಲಿಕವೆಂಬ ಹೆಸರನ್ನು ನಂಬಿ ಮುತ್ಯಾ ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸೀಮೆಗೆಲ್ಲ ಗೊತ್ತಿರುವ ದೊಡ್ಡ ಉದಾಹರಣೆಯೊಂದಿದೆ. ಇದು ಸಾಮಾನ್ಯ ಸಿವಿಲ್ ದಾವೆಯಲ್ಲ, ರಾಜ್ಯ ರಾಜ್ಯಗಳ ನಡುವಣ ಜಲವಿವಾದ. ಆದರೂ ಪಾಠ ಒಂದೇ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರಂದು ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿತು. 2011ರ ಸೆಪ್ಟೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ಮುಂದಿನ ಆಜ್ಞೆಯವರೆಗೆ ನ್ಯಾಯಾಧಿಕರಣದ ತೀರ್ಮಾನವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬಾರದೆಂಬ ಮಧ್ಯಂತರ ಆಜ್ಞೆ ಮಾಡಿತು. ಹತ್ತು ವರ್ಷಗಳ ಮೇಲೆ, 2021ರಲ್ಲಿಯೂ, ಆ ಆಜ್ಞೆಯನ್ನು ತೆರವು ಮಾಡಿರೆಂದು ಕರ್ನಾಟಕವು ಕೇಳಿಕೊಳ್ಳುತ್ತಲೇ ಇದ್ದಿತು. ಆ ಹತ್ತು ವರ್ಷವೂ ಮುಳುಗಡೆಯ ಗೆರೆಯ ಮೇಲಿನ ಹಳ್ಳಿಗಳವರು ಮನೆ ಕಟ್ಟಬೇಕೋ ಬಿಡಬೇಕೋ ತಿಳಿಯದೆ ಕುಳಿತರು. ಮಧ್ಯಂತರ ಎಂಬುದು ಆಜ್ಞೆಯ ಸ್ಥಾನವನ್ನು ಹೇಳುವ ಮಾತು, ಅದರ ಆಯುಷ್ಯವನ್ನು ಹೇಳುವ ಮಾತಲ್ಲ.

ಇನ್ನು ವಾಟ್ನಿಯ ದಾವೆಗಳಲ್ಲಿ ಹಳ್ಳಿಯ ಜನರು ಅವಶ್ಯವಾಗಿ ತಿಳಿದಿರಬೇಕಾದ ಒಂದು ಅಪಾಯವಿದೆ. ಇಂಥ ದಾವೆಯಲ್ಲಿ ಮೊದಲು ಯಾರ ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿಯಾಗುತ್ತದೆ. ಆಮೇಲೆ ಹೊಲವನ್ನು ಅಳೆದು ಹಂಚುವ ಅಂತಿಮ ಡಿಕ್ರಿ. ಪ್ರಾಥಮಿಕವೆಂಬ ಹೆಸರನ್ನು ಕೇಳಿದವರು ಇದೂ ಒಂದು ಮಧ್ಯಂತರ ಆಜ್ಞೆಯೆಂದೂ ಕೊನೆಯದು ಬಂದಾಗ ನೋಡಿದರಾಯಿತೆಂದೂ ತಿಳಿಯುವುದುಂಟು. ಇದು ದೊಡ್ಡ ತಪ್ಪು. 97ನೆಯ ಕಲಮಿನ ಪ್ರಕಾರ ಪ್ರಾಥಮಿಕ ಡಿಕ್ರಿಯ ಮೇಲೆ ಆಗಲೇ ಅಪೀಲು ಮಾಡದವನು, ಅಂತಿಮ ಡಿಕ್ರಿಯ ಅಪೀಲಿನಲ್ಲಿ ಅದು ತಪ್ಪೆಂದು ವಾದಿಸಲಾರನು. ಪ್ರಕರಣವನ್ನು ಕೆಳಗಿನ ಕೋರ್ಟಿಗೆ ಹಿಂದಿರುಗಿಸುವ ಆಜ್ಞೆಗೂ, ಅದು ಅಪೀಲಿಗೆ ಅರ್ಹವಾಗಿದ್ದರೆ, 105ನೆಯ ಕಲಮಿನ ಎರಡನೆಯ ಭಾಗವು ಇಂಥದೇ ಕಟ್ಟು ಹಾಕಿದೆ. ಕಾಯ್ದರೆ ಕೆಡದ ಆಜ್ಞೆಗಳುಂಟು, ಕಾಯ್ದರೆ ಕೆಡುವ ನಿರ್ಣಯಗಳೂ ಉಂಟು.

ಹೋದ ವರ್ಷ ನಮ್ಮ ದಾವೆಯಲ್ಲಿ ಪ್ರಾಥಮಿಕ ಡಿಕ್ರಿಯಾಯಿತು. "ಇದು ಮೊದಲನೇದಂತ, ಇನ್ನೊಂದು ಬರತೈತಂತ" ಎಂದು ಅಪ್ಪ ನಕಲನ್ನು ಮಡಿಚಿ ಟ್ರಂಕಿನಲ್ಲಿಟ್ಟ. ಅಂದು ಸಂಜೆ ನಾನು ಅದನ್ನು ತೆಗೆದು ಓದಿದೆ. ಮರುದಿನ ಕಾಲೇಜಿಗೆ ತಂದು ರಾಜ್ಯಶಾಸ್ತ್ರದ ಗುರುಗಳಿಗೆ ತೋರಿಸಿದೆ. ಅವರು ಗ್ರಂಥಾಲಯದಿಂದ ಸಂಹಿತೆಯನ್ನು ತರಿಸಿ 97ನೆಯ ಕಲಮನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ, "ಇವತ್ತೇ ವಕೀಲರ ಬಳಿಗೆ ಹೋಗು" ಎಂದರು. ಅವಧಿಯು ಮುಗಿಯಲು ಒಂಬತ್ತು ದಿನ ಉಳಿದಿದ್ದವು. ಅಪೀಲು ದಾಖಲಾಯಿತು. ಹಿಂದೆ ಕಾಗದವನ್ನು ನಿರಾಕರಿಸಿದ ಆಜ್ಞೆಯನ್ನೂ 105ನೆಯ ಕಲಮಿನ ಆಧಾರದಿಂದ ಅದರಲ್ಲಿ ಆಕ್ಷೇಪಣೆಯಾಗಿ ಬರೆದಿದ್ದಾರೆ. ಫಲವೇನಾಗುವುದೋ ನ್ಯಾಯಾಲಯಕ್ಕೆ ಬಿಟ್ಟದ್ದು. ಮುತ್ಯಾನಿಗೆ ಇದನ್ನೆಲ್ಲ ತಿಳಿಸಿ ಹೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದರ ಆ ಎತ್ತು ಸುಮ್ಮನ ಮಾರಿದಿವೇನೋ" ಎಂದ. ನನಗೆ ಹೌದೆನ್ನಲು ಬಾಯಿ ಬರಲಿಲ್ಲ.

ಮಧ್ಯಂತರ ಆಜ್ಞೆಗಳ ಅಪೀಲಿಗೆ ಇರುವ ಮಿತಿಯು ನ್ಯಾಯಕ್ಕೆ ವಿರುದ್ಧವೆಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ. ಪ್ರತಿಯೊಂದು ಆಜ್ಞೆಗೂ ಅಪೀಲಿದ್ದರೆ ಲಾಭವಾಗುವುದು ಹಣವುಳ್ಳವನಿಗೆ. ಬಡವನನ್ನು ದಣಿಸಿ ಸೋಲಿಸುವುದು ಅವನಿಗೆ ಸುಲಭವಾಗುತ್ತದೆ. ಮಿತಿಯು ಬಡವನಿಗೂ ರಕ್ಷಣೆಯೇ. ಆದರೆ ಆ ಮಿತಿ ಎಲ್ಲಿದೆಯೆಂಬುದು ಬಡವನಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದೇ ರಕ್ಷಣೆಯು ಬಲೆಯಾಗುತ್ತದೆ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಬಹಳ ಜನರು ಹಳ್ಳಿಯಿಂದ ಬಂದವರು. ಎಷ್ಟೋ ಮನೆಗಳಲ್ಲಿ ಒಂದಿಲ್ಲೊಂದು ಕೋರ್ಟಿನ ಕಾಗದವಿರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅದನ್ನು ತೆಗೆದು ಓದಿರಿ. ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಡಿಕ್ರಿಯೋ ಆಜ್ಞೆಯೋ? ಆಜ್ಞೆಯಾದರೆ ಅಪೀಲಿನ ಯಾದಿಯಲ್ಲಿದೆಯೋ ಇಲ್ಲವೋ? ಇದ್ದರೆ ಎಷ್ಟು ದಿನ ಉಳಿದಿವೆ? ಉತ್ತರ ತಿಳಿಯದಿದ್ದರೆ ವಕೀಲರನ್ನು ಕೇಳಿರಿ. ವಕೀಲರಿಗೆ ಕೊಡಲು ಹಣವಿಲ್ಲದವರಿಗಾಗಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯದೆಯ ಪ್ರಕಾರ ತಾಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು, ವಿಧಿಸಿದ ಮಿತಿಗಿಂತ ಕಡಿಮೆ ವರಮಾನದವರು ಅಲ್ಲಿ ಉಚಿತ ನೆರವಿಗೆ ಅರ್ಹರು.

ವಿಷಯವು ದೊಡ್ಡದು, ನನ್ನ ತಿಳಿವಳಿಕೆ ಸಣ್ಣದು. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.